ಎಕ್ಸೆಲ್ ಫೈಲ್ ಕೆಟ್ಟಿದೆ, ಸೇವ್ ಆಗ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಅಂಗಡಿ, ಸಹಕಾರ ಸಂಘಗಳ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಮಾರ್ಚ್ ಕೊನೆಯ ವಾರ ಬಂತೆಂದರೆ ಲೆಕ್ಕಕ್ಕಿಂತ ಜಾಸ್ತಿ ಫೋನ್ ಬರುವುದು ‘ಸಾರ್, ಎಕ್ಸೆಲ್ ಫೈಲ್ ಓಪನ್ ಆಗ್ತಿಲ್ಲ’ ಎಂದು. ಹತ್ತು ಜನರಿಗೆ ಅದನ್ನೇ ಹೇಳಿ ಹೇಳಿ ಗಂಟಲು ಒಣಗಿದ ಮೇಲೆ ಇದನ್ನು ಬರೆದಿಟ್ಟೆ. ಇಲ್ಲಿರುವುದು ವಿಂಡೋಸ್ ಕಂಪ್ಯೂಟರಿನ ಎಕ್ಸೆಲ್ ಬಗ್ಗೆ. ಪರದೆ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಬಟನ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಹುಡುಕಲು ಸುಲಭ ಅಲ್ವಾ.

ಫೈಲ್ ಇನ್ನೂ ತೆರೆದೇ ಇದೆ. ಆದರೆ ಸೇವ್ ಕೊಟ್ಟರೆ ಆಗ್ತಿಲ್ಲ. ಈಗ ಏನು ಮಾಡಲಿ?

ಮೊದಲು, ಅದನ್ನು ಮುಚ್ಚಬೇಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಡಿ. ಈ ಹೊತ್ತಿನಲ್ಲಿ ನಿಮ್ಮ ಲೆಕ್ಕ ಪೂರ್ತಿ ಇರುವುದು ಆ ತೆರೆದ ಕಿಟಕಿಯಲ್ಲಿ ಮಾತ್ರ. ಮುಚ್ಚಿದರೆ ಅದೂ ಹೋಯಿತು.

ಎಫ್12 ಒತ್ತಿ. ಸೇವ್ ಆ್ಯಸ್ ಬರುತ್ತದೆ. ಹೊಸ ಹೆಸರು ಕೊಡಿ, ಹೊಸ ಜಾಗ ಕೊಡಿ. ಪೆನ್‌ಡ್ರೈವ್ ಬೇಡ, ಆಫೀಸಿನ ನೆಟ್‌ವರ್ಕ್ ಫೋಲ್ಡರ್ ಬೇಡ, ಒನ್‌ಡ್ರೈವ್ ಬೇಡ. ನಿಮ್ಮದೇ ಕಂಪ್ಯೂಟರಿನ ಡಿ ಡ್ರೈವಿನಲ್ಲೋ ಸಿ ಡ್ರೈವಿನಲ್ಲೋ ‘ಲೆಕ್ಕ’ ಎಂಬ ಹೊಸ ಫೋಲ್ಡರ್ ಮಾಡಿ ಅದರೊಳಗೆ ಇಡಿ. ಹತ್ತರಲ್ಲಿ ಆರೇಳು ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ, ಇದು ನನ್ನ ಅನುಭವ.

ಆಗಲಿಲ್ಲವಾ? ಅದೇ ಕಿಟಕಿಯಲ್ಲಿ ಕೆಳಗೆ ‘ಸೇವ್ ಆ್ಯಸ್ ಟೈಪ್’ ಇದೆ. ಅಲ್ಲಿ ‘ಎಕ್ಸೆಲ್ ಬೈನರಿ ವರ್ಕ್‌ಬುಕ್’ ಆರಿಸಿ. ಇದರ ಬಾಲ, ಅಂದರೆ ಹೆಸರಿನ ಕೊನೆಯ ಚುಕ್ಕೆಯ ನಂತರ ಬರುವ ಎಕ್ಸ್‌ಟೆನ್ಷನ್, ಎಕ್ಸ್‌ಎಲ್‌ಎಸ್‌ಬಿ. ಒಳಗಿನ ಬರವಣಿಗೆಯ ರೀತಿಯೇ ಬೇರೆ ಆಗಿರುವುದರಿಂದ, ಮಾಮೂಲಿ ರೀತಿಯಲ್ಲಿ ಮುಗ್ಗರಿಸುವ ಫೈಲ್ ಇದರಲ್ಲಿ ದಾಟಿಬಿಡುವುದುಂಟು.

ಅದೂ ಇಲ್ಲ ಎಂದರೆ ಹೊಸ ಖಾಲಿ ಫೈಲ್ ತೆರೆಯಿರಿ. ಹಳೆಯದರಲ್ಲಿ ಎಲ್ಲ ಆಯ್ದು ಕಾಪಿ ಮಾಡಿ, ಹೊಸದರಲ್ಲಿ ‘ಪೇಸ್ಟ್ ಸ್ಪೆಷಲ್’ ಹೋಗಿ ‘ವ್ಯಾಲ್ಯೂಸ್’ ಎಂದು ಹಾಕಿ. ಬಣ್ಣ, ಗೆರೆ, ಫಾರ್ಮುಲಾ ಹೋಗುತ್ತದೆ. ಅಂಕಿ, ಹೆಸರು ಉಳಿಯುತ್ತದೆ. ಹೊಸ ಎಕ್ಸೆಲ್ ಕೂಡ ಸತಾಯಿಸಿದರೆ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಕಾಲಂಗಳ ನಡುವೆ ಟ್ಯಾಬ್ ಬೀಳುತ್ತದೆ, ಆಮೇಲೆ ವಾಪಸ್ ಎಕ್ಸೆಲ್‌ಗೆ ಹಾಕಿದರೆ ಕಾಲಂ ಕಾಲಂ ಆಗಿಯೇ ಕೂರುತ್ತದೆ.

ಏನೂ ಆಗದಿದ್ದರೆ ಫೋನಿನಲ್ಲಿ ಪರದೆಯ ಫೋಟೋ ತೆಗೆಯಿರಿ. ನಗಬೇಡಿ. ನಲವತ್ತು ಸಾಲಿನ ಹಾಜರಿ ಪಟ್ಟಿಯನ್ನು ನಾನು ಹಾಗೇ ಉಳಿಸಿಕೊಂಡಿದ್ದೇನೆ.

ನಿನ್ನೆವರೆಗೆ ಚೆನ್ನಾಗಿ ಸೇವ್ ಆಗ್ತಿತ್ತು. ಇವತ್ತು ಏನಾಯ್ತು?

ಸೇವ್ ಎಂದರೆ ಹಳೇ ಫೈಲಿನ ಮೇಲೆಯೇ ಬರೆಯುವುದು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಎಕ್ಸೆಲ್ ಹಾಗೆ ಮಾಡುವುದಿಲ್ಲ. ಹಳೇ ಲೆಕ್ಕದ ಪುಸ್ತಕ ಪಕ್ಕಕ್ಕಿಟ್ಟು, ಹೊಸ ಪುಸ್ತಕ ತಂದು, ಮೊದಲಿಂದ ಕೊನೆವರೆಗೆ ಪೂರ್ತಿ ನಕಲು ಬರೆಯುತ್ತದೆ. ಬರೆದು ಮುಗಿದ ಮೇಲೆ ಹಳೆಯದನ್ನು ಎತ್ತಿ ಹಾಕಿ, ಹೊಸದಕ್ಕೆ ಹಳೆಯದರ ಹೆಸರಿನ ಚೀಟಿ ಅಂಟಿಸುತ್ತದೆ. ಅದೇ ಫೋಲ್ಡರಿನಲ್ಲಿ ಅರೆಕ್ಷಣ ಒಂದು ತಾತ್ಕಾಲಿಕ ಫೈಲ್ ಹುಟ್ಟಿ, ಹೆಸರು ಬದಲಾಗಿ ಅದೇ ನಿಮ್ಮ ಫೈಲ್ ಆಗುತ್ತದೆ.

ಇದು ಗೊತ್ತಾದರೆ ಮುಕ್ಕಾಲು ತೊಂದರೆ ತಾನೇ ಬಿಡಿಸಿಕೊಳ್ಳುತ್ತದೆ. ನಕಲು ಬರೆಯುವಾಗ, ಹಳೆಯದನ್ನು ಅಳಿಸುವಾಗ, ಹೆಸರು ಬದಲಿಸುವಾಗ, ಈ ಮೂರರಲ್ಲಿ ಎಲ್ಲಿ ಯಾರು ಅಡ್ಡ ಬಂದರೂ ‘ಡಾಕ್ಯುಮೆಂಟ್ ನಾಟ್ ಸೇವ್ಡ್’ ಎಂಬ ಮಾತು ಬರುತ್ತದೆ.

ಡಿಸ್ಕಿನಲ್ಲಿ ಜಾಗ ಇಲ್ಲದಿದ್ದರೆ ನಕಲು ಅರ್ಧಕ್ಕೆ ನಿಲ್ಲುತ್ತದೆ. ಒಂದು ಫೈಲಿಗೆ ಜಾಗ ಇದ್ದರೆ ಸಾಲದು, ಆ ಹೊತ್ತಿಗೆ ಎರಡು ಫೈಲ್ ಇರುತ್ತವಲ್ಲ. ಆಫೀಸಿನ ಸರ್ವರ್ ಫೋಲ್ಡರಿನಲ್ಲಿ ನಿಮಗೆ ಬರೆಯುವ ಅನುಮತಿ ಇದ್ದು ಅಳಿಸುವ ಅನುಮತಿ ಇಲ್ಲದಿದ್ದರೆ ಎರಡನೇ ಹೆಜ್ಜೆಯಲ್ಲಿ ನಿಲ್ಲುತ್ತದೆ. ‘ಬರೆಯೋಕೆ ಬಿಡ್ತಾರಲ್ಲ ಸಾರ್, ಆದ್ರೂ ಸೇವ್ ಆಗಲ್ಲ’ ಎನ್ನುವವರ ಕಥೆ ಸಾಮಾನ್ಯವಾಗಿ ಇದೇ. ಆಂಟಿವೈರಸ್ ಆ ಹೊಸ ಫೈಲನ್ನು ತಪಾಸಣೆಗೆ ಹಿಡಿದುಕೊಂಡರೆ ಮೂರನೆಯದರಲ್ಲಿ ನಿಲ್ಲುತ್ತದೆ. ಒನ್‌ಡ್ರೈವಿನಂತೆ ಇಂಟರ್ನೆಟ್ಟಿಗೆ ತಾನಾಗಿ ನಕಲಾಗುವ (ಸಿಂಕ್ ಆಗುವ) ಫೋಲ್ಡರೂ ಹಾಗೇ, ನೀವು ಬಿಟ್ಟರೂ ಅದು ಬಿಡುವುದಿಲ್ಲ. ಸ್ವಲ್ಪ ಹೊತ್ತು ಸಿಂಕ್ ನಿಲ್ಲಿಸಿ ಸೇವ್ ಕೊಟ್ಟು ನೋಡಿ.

ಫೈಲಿನ ಹೆಸರು ಉದ್ದ ಆದರೂ ಸೇವ್ ಆಗಲ್ವಂತೆ, ನಿಜವಾ?

ನಿಜ. ಡ್ರೈವ್, ಫೋಲ್ಡರುಗಳು, ಫೈಲ್ ಹೆಸರು ಎಲ್ಲ ಸೇರಿ 218 ಅಕ್ಷರ ದಾಟಿದರೆ ಎಕ್ಸೆಲ್ ಒಪ್ಪುವುದಿಲ್ಲ. ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಇನ್ನೊಂದು ಎಂದು ಇಡುವ ಅಭ್ಯಾಸ ಇದ್ದರೆ ಇದು ಬೇಗ ತುಂಬುತ್ತದೆ.

ಕನ್ನಡದಲ್ಲಿ ಹೆಸರಿಡುವವರು ಒಂದು ವಿಷಯ ಗಮನಿಸಬೇಕು. ನಮ್ಮ ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಆರು: ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ. ‘ಸ್ತ್ರೀಶಕ್ತಿ ಸ್ವಸಹಾಯ ಸಂಘದ ವಾರ್ಷಿಕ ಲೆಕ್ಕಪತ್ರ’ ಎಂದು ಫೋಲ್ಡರಿಗೂ ಫೈಲಿಗೂ ಹೆಸರಿಟ್ಟರೆ ಎಣಿಕೆ ಎಲ್ಲಿಗೆ ಹೋಗುತ್ತದೆ ನೋಡಿ. ಕನ್ನಡದಲ್ಲೇ ಇಡಿ, ಆದರೆ ಚಿಕ್ಕದಾಗಿ ಇಡಿ. ಹೆಸರಿನಲ್ಲಿ ಚೌಕ ಆವರಣ ಕೂಡ ಬೇಡ. ಎಕ್ಸೆಲ್ ತನ್ನ ಫಾರ್ಮುಲಾಗಳಲ್ಲಿ ಫೈಲಿನ ಹೆಸರನ್ನು ಗುರುತಿಸಲು ಆ ಚಿಹ್ನೆಯನ್ನೇ ಬಳಸುತ್ತದೆ, ಗೊಂದಲವಾಗುತ್ತದೆ.

ಫೋಲ್ಡರಿನಲ್ಲಿ ಎಂಟು ಅಕ್ಷರದ ಏನೋ ವಿಚಿತ್ರ ಹೆಸರಿನ ಫೈಲ್ ಇದೆ. ವೈರಸ್ಸಾ? ಡಿಲೀಟ್ ಮಾಡ್ಲಾ?

ಬೇಡ ಬೇಡ! ನಿಮ್ಮ ಲೆಕ್ಕ ಇರುವುದು ಅದರಲ್ಲೇ ಇರಬಹುದು.

ಮೇಲೆ ಹೇಳಿದೆನಲ್ಲ, ಸೇವ್ ಮಾಡುವಾಗ ಹುಟ್ಟುವ ತಾತ್ಕಾಲಿಕ ಫೈಲ್, ಇದು ಅದೇ. ಅಕ್ಷರ, ಅಂಕಿ ಕಲಸಿದ ಹೆಸರು, ಬಾಲ ಇರುವುದಿಲ್ಲ ಅಥವಾ ಟಿಎಂಪಿ ಎಂದಿರುತ್ತದೆ. ಒಂದು ವರ್ಷ ಮಾರ್ಚ್ 31ರ ರಾತ್ರಿ ಹಳ್ಳಿಯ ಹಾಲಿನ ಸಂಘವೊಂದರಲ್ಲಿ ಸೇವ್ ಕೊಟ್ಟ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು. ಯುಪಿಎಸ್ ಇತ್ತು, ಅದರ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ. ಕರೆಂಟು ಬಂದ ಮೇಲೆ ನೋಡಿದರೆ ಇಡೀ ವರ್ಷದ ಫೈಲ್ ನಾಪತ್ತೆ. ಲೆಕ್ಕ ಬರೆಯುವ ಹುಡುಗ ಬೆವತು ಹೋಗಿದ್ದ. ಆ ಜಾಗದಲ್ಲಿ ಈ ವಿಚಿತ್ರ ಹೆಸರಿನ ಫೈಲ್ ಕೂತಿತ್ತು. ‘ಇದೇ ಸಾರ್ ನಮ್ ಫೈಲ್ ತಿಂದಿದ್ದು’ ಎಂದು ಅದನ್ನು ಅಳಿಸಲು ಹೊರಟಿದ್ದ.

ಅದರ ಗಾತ್ರ ನೋಡಿದೆ. ಹಳೆಯ ಫೈಲಿನಷ್ಟೇ ಇತ್ತು. ಅದರ ಒಂದು ಕಾಪಿ ಮಾಡಿ, ಕಾಪಿಯ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಎಕ್ಸ್‌ಎಲ್‌ಎಸ್‌ಎಕ್ಸ್ ಎಂದು ಸೇರಿಸಿ ತೆರೆದೆ. ಕೊನೆಯ ಎಂಟ್ರಿವರೆಗೂ ಎಲ್ಲ ಇತ್ತು. ನಕಲು ಬರೆದು ಮುಗಿದಿತ್ತು, ಹಳೆಯದನ್ನು ಎತ್ತಿಯೂ ಆಗಿತ್ತು. ಹೆಸರಿನ ಚೀಟಿ ಅಂಟಿಸುವ ಮೊದಲು ಕರೆಂಟು ಹೋಗಿತ್ತು, ಅಷ್ಟೇ.

ನೀವೂ ಹಾಗೇ ಮಾಡಿ. ಫೈಲುಗಳ ಬಾಲ ಕಾಣದಿದ್ದರೆ ಫೋಲ್ಡರಿನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎನ್ನುವುದಕ್ಕೆ ಟಿಕ್ ಹಾಕಿ. ಕೆಲವೊಮ್ಮೆ ಎಕ್ಸೆಲ್ ತಾನೇ ‘ಬದಲಾವಣೆಗಳನ್ನು ಇಂಥ ಹೆಸರಿನ ತಾತ್ಕಾಲಿಕ ಫೈಲಿನಲ್ಲಿ ಉಳಿಸಿದ್ದೇನೆ’ ಎಂದು ಹೆಸರು ಸಮೇತ ಹೇಳುತ್ತದೆ. ನಾವು ಓದದೆ ಓಕೆ ಒತ್ತುತ್ತೇವೆ.

ಹೆಸರಿನ ಮೊದಲು ಅಲೆಯಂಥ ಗೆರೆ, ಡಾಲರ್ ಚಿಹ್ನೆ ಇರುವ ಪುಟ್ಟ ಫೈಲ್?

ಅದು ಬೇರೆ. ಅದರಲ್ಲಿ ಲೆಕ್ಕ ಇರುವುದಿಲ್ಲ. ಫೈಲನ್ನು ಯಾರು ತೆರೆದಿದ್ದಾರೆ ಎಂಬ ಹೆಸರು ಮಾತ್ರ ಇರುತ್ತದೆ, ಬಾಗಿಲಿಗೆ ಹಾಕಿದ ಚಿಲಕದ ಹಾಗೆ. ಎಕ್ಸೆಲ್ ಸರಿಯಾಗಿ ಮುಚ್ಚದೆ ನಿಂತುಹೋದರೆ ಚಿಲಕ ಹಾಗೇ ಉಳಿದು, ‘ಫೈಲ್ ಲಾಕ್ ಆಗಿದೆ’ ಎಂದು ನಿಮ್ಮ ಹೆಸರನ್ನೇ ನಿಮಗೆ ತೋರಿಸುತ್ತದೆ. ಎಲ್ಲ ಎಕ್ಸೆಲ್ ಮುಚ್ಚಿ, ಟಾಸ್ಕ್ ಮ್ಯಾನೇಜರಿನಲ್ಲಿ ಇನ್ನೂ ಎಕ್ಸೆಲ್ ಕಂಡರೆ ಅದನ್ನೂ ಮುಗಿಸಿ, ಆಮೇಲೆ ಈ ಪುಟ್ಟ ಫೈಲನ್ನು ಅಳಿಸಿ. ಬೇರೆಯವರು ನಿಜವಾಗಿ ತೆರೆದಿಲ್ಲ ಎಂದು ಕೇಳಿಕೊಂಡು ಅಳಿಸಿ.

ಫೈಲ್ ತೆರೆಯುವುದೇ ಇಲ್ಲ. ‘ಫಾರ್ಮ್ಯಾಟ್ ಅಥವಾ ಎಕ್ಸ್‌ಟೆನ್ಷನ್ ಸರಿಯಿಲ್ಲ’ ಅನ್ನುತ್ತೆ.

ಮೊದಲು ಗಾತ್ರ ನೋಡಿ. 0 ಕೆಬಿ ಎಂದಿದ್ದರೆ ಆ ಫೈಲಿನಲ್ಲಿ ಏನೂ ಇಲ್ಲ, ರಿಪೇರಿ ಸಾಫ್ಟ್‌ವೇರ್ ಹುಡುಕಿಕೊಂಡು ಹೋಗಬೇಡಿ. ಹಳೇ ಕಾಪಿಯನ್ನು ಹುಡುಕಿ.

ಗಾತ್ರ ಇದೆ ಎಂದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಫೈಲಿನ ಕಾಪಿ ಮಾಡಿ, ಕಾಪಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅರ್ಥವಾಗದ ಗಿಜಿಬಿಜಿ ಬರುತ್ತದೆ, ಗಾಬರಿ ಬೇಡ. ಮೊದಲ ಎರಡು ಅಕ್ಷರ ಮಾತ್ರ ನೋಡಿ.

ಇಂಗ್ಲಿಷಿನ ಪಿ, ಕೆ ಎಂದಿದ್ದರೆ ಒಳಗೆ ಜೀವ ಇದೆ. 2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ನಿಜಕ್ಕೂ ಒಂದು ಜಿಪ್ ಫೈಲ್, ಅಂದರೆ ಹಲವು ಫೈಲುಗಳನ್ನು ಒತ್ತಿ ಕಟ್ಟಿದ ಒಂದು ಗಂಟು. ಆ ಪಿ, ಕೆ ಎಂದರೆ ಜಿಪ್ ರೂಪಿಸಿದ ಫಿಲ್ ಕ್ಯಾಟ್ಜ್ ಅವರ ಹೆಸರಿನ ಮೊದಲಕ್ಷರಗಳು.

ಅಕ್ಷರವೇ ಇಲ್ಲದೆ ಬರೀ ಖಾಲಿ ಜಾಗ ಉದ್ದಕ್ಕೂ ಇದ್ದರೆ ಒಳಗೆ ತುಂಬಿರುವುದು ಬರೀ ಸೊನ್ನೆ. ಬರೆಯುವ ಹೊತ್ತಿಗೆ ಕರೆಂಟು ಹೋದಾಗ ಹೀಗಾಗುತ್ತದೆ. ಡಿಸ್ಕಿನಲ್ಲಿ ಜಾಗ ಕಾಯ್ದಿರಿಸಿ ಆಗಿತ್ತು, ಅಕ್ಷರ ಇಳಿದಿರಲಿಲ್ಲ. ಗಾತ್ರ ಸರಿಯಾಗಿ ತೋರಿಸುವುದರಿಂದ ಜನ ಆಸೆ ಇಟ್ಟುಕೊಂಡು ದಿನಗಟ್ಟಲೆ ಒದ್ದಾಡುತ್ತಾರೆ. ಈ ಫೈಲಿನಿಂದ ಏನೂ ಸಿಗುವುದಿಲ್ಲ.

ಮೊದಲ ಸಾಲಿನಲ್ಲೇ ‘ಎಚ್‌ಟಿಎಂಎಲ್’ ಎಂಬ ಪದ ಕಂಡರೆ ಅದು ಎಕ್ಸೆಲ್ ಫೈಲೇ ಅಲ್ಲ, ವೆಬ್ ಪುಟ. ಕೆಲವು ವೆಬ್‌ಸೈಟುಗಳು ಪುಟಕ್ಕೆ ಎಕ್ಸ್‌ಎಲ್‌ಎಸ್ ಬಾಲ ಅಂಟಿಸಿ ಕೊಡುತ್ತವೆ. ಕೆಟ್ಟಿಲ್ಲ, ವೇಷ ಹಾಕಿದೆ ಅಷ್ಟೇ. ಎಚ್ಚರಿಕೆ ಬಂದಾಗ ಯೆಸ್ ಕೊಟ್ಟು ತೆರೆದು, ಸೇವ್ ಆ್ಯಸ್‌ನಲ್ಲಿ ನಿಜವಾದ ಎಕ್ಸೆಲ್ ಆಗಿ ಉಳಿಸಿಕೊಳ್ಳಿ.

ಮೇಲ್‌ನಲ್ಲಿ ಬಂದ ಫೈಲ್ ‘ಕರಪ್ಟ್ ಆಗಿದೆ’ ಅನ್ನುತ್ತೆ. ಕಳಿಸಿದವರ ಹತ್ತಿರ ಚೆನ್ನಾಗೇ ತೆರೆಯುತ್ತೆ.

ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿ. ಕೆಳಗೆ ‘ಅನ್‌ಬ್ಲಾಕ್’ ಇದ್ದರೆ ಟಿಕ್ ಹಾಕಿ ಓಕೆ ಕೊಡಿ. ಇಂಟರ್ನೆಟ್ಟಿನಿಂದ ಬಂದ ಫೈಲನ್ನು ವಿಂಡೋಸ್ ಅನುಮಾನದಿಂದ ನೋಡುತ್ತದೆ. ಕಳಿಸಿದವರು ಗೊತ್ತಿದ್ದರೆ ಮಾತ್ರ ಹೀಗೆ ಮಾಡಿ.

‘ಓಪನ್ ಅಂಡ್ ರಿಪೇರ್’ ಎಲ್ಲಿದೆ?

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಿಗಲ್ಲ. ಖಾಲಿ ಎಕ್ಸೆಲ್ ತೆರೆದು, ‘ಫೈಲ್’, ‘ಓಪನ್’, ‘ಬ್ರೌಸ್’ ಎಂದು ಹೋಗಿ. ಫೈಲನ್ನು ಒಂದೇ ಸಲ ಕ್ಲಿಕ್ ಮಾಡಿ ಆರಿಸಿ. ಕೆಳಗಿನ ‘ಓಪನ್’ ಬಟನ್ ಪಕ್ಕ ಪುಟ್ಟ ಬಾಣ ಇದೆ, ಅದನ್ನು ಒತ್ತಿದರೆ ಕೊನೆಯಲ್ಲಿ ಇದು ಕಾಣುತ್ತದೆ.

ಅದು ಎರಡು ದಾರಿ ಕೇಳುತ್ತದೆ. ಮೊದಲು ‘ರಿಪೇರ್’ ಕೊಡಿ. ಆಗದಿದ್ದರೆ ‘ಎಕ್ಸ್‌ಟ್ರ್ಯಾಕ್ಟ್ ಡೇಟಾ’ ಕೊಡಿ. ಇದು ಮನೆಗೆ ಬೆಂಕಿ ಬಿದ್ದಾಗ ಪೆಟ್ಟಿಗೆ ಮಾತ್ರ ಹೊತ್ತುಕೊಂಡು ಓಡುವ ಹಾಗೆ, ಅಂಕಿ ಮತ್ತು ಫಾರ್ಮುಲಾ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ.

ರಿಪೇರಿ ಮುಗಿದಾಗ ಏನೇನು ತೆಗೆದೆ ಎಂಬ ಪಟ್ಟಿ ಬರುತ್ತದೆ. ಅದನ್ನು ಓದಿ. ಚಿತ್ರ ತೆಗೆದಿದ್ದರೆ ಪರವಾಗಿಲ್ಲ. ಫಾರ್ಮುಲಾ ತೆಗೆದಿದ್ದರೆ ಆ ಸೆಲ್‌ನಲ್ಲಿ ಹಳೇ ಉತ್ತರ ಕಲ್ಲಿನಂತೆ ಕೂತಿರುತ್ತದೆ. ಮೇಲಿನ ಅಂಕಿ ಬದಲಿಸಿದರೂ ಮೊತ್ತ ಬದಲಾಗುವುದಿಲ್ಲ. ತೆರೆದುಕೊಂಡಿತಲ್ಲ ಎಂಬ ಖುಷಿಯಲ್ಲಿ ಇದನ್ನು ನೋಡದೆ ಬಿಟ್ಟು, ಮುಂದಿನ ತಿಂಗಳು ಮೊತ್ತ ತಾಳೆಯಾಗದೆ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ಮಾತು. ರಿಪೇರಿ ಆದದ್ದನ್ನು ಹಳೇ ಹೆಸರಿನಲ್ಲಿ ಸೇವ್ ಮಾಡಬೇಡಿ. ಹೊಸ ಹೆಸರು ಕೊಡಿ. ಕೆಟ್ಟ ಫೈಲ್ ಕೂಡ ಸದ್ಯಕ್ಕೆ ಆಸ್ತಿಯೇ.

ರಿಪೇರಿಯೂ ಆಗಲಿಲ್ಲ. ಕೈ ಬಿಡಬೇಕಾ?

ಇಲ್ಲ. ಎಂಎಸ್ ಆಫೀಸಿನಂಥದೇ ಇನ್ನೊಂದು ಸಾಫ್ಟ್‌ವೇರ್ ಲಿಬ್ರೆಆಫೀಸ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಎಕ್ಸೆಲ್ ಒಂದು ತಪ್ಪು ಕಂಡರೆ ಬಾಗಿಲು ಹಾಕಿಕೊಳ್ಳುವ ಕಡೆ ಲಿಬ್ರೆಆಫೀಸಿನ ಕ್ಯಾಲ್ಕ್ ‘ಇರಲಿ ಬಾ’ ಎಂದು ಒಳಗೆ ಬಿಟ್ಟುಕೊಳ್ಳುವುದುಂಟು. ತೆರೆದರೆ ಅಲ್ಲಿಂದ ಹೊಸ ಹೆಸರಿನಲ್ಲಿ ಸೇವ್ ಮಾಡಿ. ಗೂಗಲ್ ಶೀಟ್ಸ್‌ಗೆ ಅಪ್‌ಲೋಡ್ ಮಾಡಿ ನೋಡುವುದು ಇನ್ನೊಂದು ದಾರಿ. ಜನರ ಆಧಾರ್, ಬ್ಯಾಂಕ್ ವಿವರ ಇರುವ ಫೈಲಾದರೆ ಎಲ್ಲೆಂದರಲ್ಲಿ ಅಪ್‌ಲೋಡ್ ಮಾಡುವ ಮೊದಲು ಯೋಚಿಸಿ. ‘ಉಚಿತವಾಗಿ ಆನ್‌ಲೈನ್ ರಿಪೇರಿ’ ಎನ್ನುವ ಊರು ಹೆಸರಿಲ್ಲದ ಸೈಟುಗಳಿಗಂತೂ ಕೊಡಲೇಬೇಡಿ.

ಇದ್ಯಾವುದೂ ಆಗದಿದ್ದರೆ ಫೈಲಿನ ಹೊಟ್ಟೆ ಬಿಚ್ಚಬೇಕು.

ಹೊಟ್ಟೆ ಬಿಚ್ಚುವುದು ಎಂದರೆ?

ಜಿಪ್ ಎಂದೆನಲ್ಲ. ಕಾಪಿಯ ಬಾಲ ಅಳಿಸಿ ಜಿಪ್ ಎಂದು ಬರೆಯಿರಿ. ವಿಂಡೋಸ್ ಎಚ್ಚರಿಸುತ್ತದೆ, ಯೆಸ್ ಕೊಡಿ. ಈಗ ಡಬಲ್ ಕ್ಲಿಕ್ ಮಾಡಿದರೆ ಒಳಗೆ ಫೋಲ್ಡರುಗಳು. ‘ಎಕ್ಸ್‌ಎಲ್’ ಎಂಬುದರೊಳಗೆ ಹೋಗಿ. ಅಲ್ಲಿ ‘ವರ್ಕ್‌ಶೀಟ್ಸ್’ ಫೋಲ್ಡರಿನಲ್ಲಿ ನಿಮ್ಮ ಒಂದೊಂದು ಶೀಟೂ ಒಂದೊಂದು ಎಕ್ಸ್‌ಎಂಎಲ್ ಫೈಲಾಗಿ ಕೂತಿದೆ. ಎಳೆದು ಹೊರಗೆ ಹಾಕಿ, ನೋಟ್‌ಪ್ಯಾಡಿನಲ್ಲೋ ಬ್ರೌಸರಿನಲ್ಲೋ ತೆರೆಯಿರಿ.

ಅಂಕಿಗಳೆಲ್ಲ ಕಾಣುತ್ತವೆ. ಹೆಸರುಗಳು ಮಾತ್ರ ಕಾಣುವುದಿಲ್ಲ! ಬಿ5 ಸೆಲ್‌ನಲ್ಲಿ ‘ಹಿಂಡಿ ಖರೀದಿ’ ಎಂದು ನೀವು ಬರೆದಿದ್ದ ಜಾಗದಲ್ಲಿ ಸುಮ್ನೆ 17 ಎಂದಿರುತ್ತದೆ. ಕಾರಣ ಇಷ್ಟೇ: ‘ಹಿಂಡಿ ಖರೀದಿ’ಯನ್ನು ನೀವು ಮುನ್ನೂರು ಸಲ ಬರೆದಿರಬಹುದು. ಎಕ್ಸೆಲ್ ಅದನ್ನು ಒಂದೇ ಸಲ ‘ಷೇರ್ಡ್‌ಸ್ಟ್ರಿಂಗ್ಸ್’ ಎಂಬ ಬೇರೆ ಪಟ್ಟಿಯಲ್ಲಿ ಬರೆದಿಟ್ಟು, ಶೀಟಿನಲ್ಲಿ ಅದರ ಸಂಖ್ಯೆ ಮಾತ್ರ ಇಡುತ್ತದೆ. ಆ ಪಟ್ಟಿ ‘ಎಕ್ಸ್‌ಎಲ್’ ಫೋಲ್ಡರಿನಲ್ಲೇ ಇದೆ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಸಂಖ್ಯೆ 17 ಎಂದರೆ ಪಟ್ಟಿಯ ಹದಿನೆಂಟನೇ ಸಾಲು. ನೂರು ಸಾಲಿನ ಲೆಕ್ಕವಾದರೆ ಕೂತು ಜೋಡಿಸಬಹುದು. ಸಾವಿರಗಟ್ಟಲೆ ಇದ್ದರೆ ಪ್ರೋಗ್ರಾಂ ಬರೆಯಲು ಬರುವ ಹುಡುಗರನ್ನು ಹಿಡಿಯಿರಿ, ಅವರಿಗೆ ಅರ್ಧ ಗಂಟೆಯ ಕೆಲಸ.

ವಿಂಡೋಸ್ ಆ ಜಿಪ್ಪನ್ನೇ ತೆರೆಯದಿದ್ದರೆ ಜಿಪ್ ಬಿಚ್ಚುವ ಸಾಫ್ಟ್‌ವೇರ್ 7-ಜಿಪ್ ಬಳಸಿ. ಪುಸ್ತಕಕ್ಕೆ ಪರಿವಿಡಿ ಮೊದಲಿರುತ್ತದೆ, ಜಿಪ್‌ಗೆ ಪರಿವಿಡಿ ಕೊನೆಯಲ್ಲಿರುತ್ತದೆ. ಪೆನ್‌ಡ್ರೈವ್ ಅರ್ಧಕ್ಕೆ ಕಿತ್ತರೆ ಪರಿವಿಡಿಯೇ ಬರೆದಿರುವುದಿಲ್ಲ, ಆದರೆ ಮೊದಲ ಪುಟಗಳು ಇರುತ್ತವೆ. 7-ಜಿಪ್ ಎಷ್ಟೋ ಸಲ ಅವನ್ನು ಹೊರಗೆ ತೆಗೆದುಕೊಡುತ್ತದೆ.

ಬಾಲ ಎಕ್ಸ್‌ಎಲ್‌ಎಸ್ ಆಗಿರುವ ಹಳೇ ಕಾಲದ ಫೈಲಿಗೆ ಈ ಉಪಾಯ ನಡೆಯುವುದಿಲ್ಲ, ಅದು ಜಿಪ್ ಅಲ್ಲ.

ರಿಪೇರಿ ಮಾಡಿ ಸೇವ್ ಮಾಡಿದರೂ, ಮತ್ತೆ ತೆರೆದಾಗ ಅದೇ ದೂರು. ದಿನಾ ಇದೇ ಗೋಳು.

ಹಾಗಾದರೆ ಫೈಲಿನೊಳಗೇ ಏನೋ ಕೂತಿದೆ. ಎರಡು ಕಳ್ಳರು ಜಾಸ್ತಿ ಸಿಗುತ್ತಾರೆ.

ಒಂದು, ಡ್ರಾಪ್‌ಡೌನ್ ಪಟ್ಟಿ. ‘ಡೇಟಾ ವ್ಯಾಲಿಡೇಷನ್’ನಲ್ಲಿ ಹೆಸರುಗಳನ್ನು ನೇರವಾಗಿ ಕಾಮಾ ಹಾಕಿ ಟೈಪ್ ಮಾಡಿದರೆ 255 ಅಕ್ಷರದ ಮಿತಿ ಇದೆ. ಕೈಯಲ್ಲಿ ಹಾಕುವಾಗ ಎಕ್ಸೆಲ್ ತಡೆಯುತ್ತದೆ. ಆದರೆ ಮ್ಯಾಕ್ರೋ (ಎಕ್ಸೆಲ್ ಫೈಲಿನೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಂ) ಅಥವಾ ಬೇರೆ ಸಾಫ್ಟ್‌ವೇರ್ ಆ ಪಟ್ಟಿ ಹಾಕಿದ್ದರೆ ಮಿತಿ ದಾಟಿಬಿಡುತ್ತದೆ. ಸೇವ್ ಆಗುತ್ತದೆ, ಮುಂದಿನ ಸಲ ತೆರೆದಾಗ ಕೆಟ್ಟಿದೆ ಎನ್ನುತ್ತದೆ. ಹೆಸರುಗಳನ್ನು ಒಂದು ಶೀಟಿನಲ್ಲಿ ಬರೆದು ಆ ಸೆಲ್‌ಗಳನ್ನು ತೋರಿಸಿದರೆ ಈ ಕಾಟ ಇಲ್ಲ.

ಎರಡು, ವರ್ಷಾನುಗಟ್ಟಲೆ ಎಳೆದುಕೊಂಡು ಬಂದ ಕಸ. ಹೋದ ವರ್ಷದ ಫೈಲಿನ ಮೇಲೆ ಈ ವರ್ಷದ್ದು, ಅದರ ಮೇಲೆ ಮುಂದಿನದ್ದು. ಬೇರೆ ಬೇರೆ ಫೈಲಿನಿಂದ ಪೇಸ್ಟ್ ಮಾಡಿದ ಸ್ಟೈಲುಗಳು ಒಳಗೇ ಸೇರುತ್ತಾ ಹೋಗುತ್ತವೆ. ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಸುಮಾರು 64,000 ಬಗೆಯ ಸೆಲ್ ಫಾರ್ಮ್ಯಾಟ್‌ಗೆ ಜಾಗ ಇದೆ, ಹಳೇ ಎಕ್ಸ್‌ಎಲ್‌ಎಸ್‌ನಲ್ಲಿ 4,000ಕ್ಕೆ. ಇದರ ಜೊತೆ ‘ನೇಮ್ ಮ್ಯಾನೇಜರ್’ ತೆರೆದು ನೋಡಿ, ಎಂದೋ ಅಳಿಸಿದ ಶೀಟುಗಳ ಹೆಸರು ಇನ್ನೂ ತಪ್ಪು ಗುರುತಿನೊಂದಿಗೆ ನೇತಾಡುತ್ತಿರುತ್ತದೆ. ಅವನ್ನು ಅಳಿಸಿ.

ನನ್ನನ್ನು ಕೇಳಿದರೆ, ಇಂಥ ಫೈಲಿಗೆ ತೇಪೆ ಹಾಕುತ್ತಾ ಕೂರಬೇಡಿ. ಹೊಸ ಖಾಲಿ ಫೈಲಿಗೆ ಬರೀ ವ್ಯಾಲ್ಯೂ ಮತ್ತು ಫಾರ್ಮುಲಾ ಪೇಸ್ಟ್ ಮಾಡಿ, ಬಣ್ಣ ಗೆರೆ ಹೊಸದಾಗಿ ಹಾಕಿ. ಶೀಟನ್ನೇ ಇಡಿಯಾಗಿ ‘ಮೂವ್ ಆರ್ ಕಾಪಿ’ ಮಾಡಿದರೆ ಕಸವೂ ಹೊಸ ಮನೆಗೆ ಬರುತ್ತದೆ.

ಇರುವುದು ಮುನ್ನೂರು ಸಾಲು. ಫೈಲ್ ಮಾತ್ರ 40 ಎಂಬಿ. ಸೇವ್ ಆಗಲು ಐದು ನಿಮಿಷ.

ಕಂಟ್ರೋಲ್ ಹಿಡಿದು ಎಂಡ್ ಒತ್ತಿ. ಎಕ್ಸೆಲ್ ತಾನು ಕೊನೆ ಎಂದುಕೊಂಡಿರುವ ಸೆಲ್‌ಗೆ ಹಾರುತ್ತದೆ. 300ನೇ ಸಾಲಿನ ಬದಲು 10,48,576ನೇ ಸಾಲಿಗೆ ಹೋಗಿ ನಿಂತಿತಾ? ಅದು ಎಕ್ಸೆಲ್ಲಿನ ಕಟ್ಟಕಡೆಯ ಸಾಲು. ಯಾರೋ ಅಲ್ಲಿವರೆಗೂ ಸೆಲ್‌ಗಳಿಗೆ ಗೆರೆ ಎಳೆದು ಬಿಟ್ಟಿರಬಹುದು. ನಿಮ್ಮ ಲೆಕ್ಕದ ಕೆಳಗಿನ ಸಾಲಿನಿಂದ ಕೊನೆವರೆಗೆ ಆಯ್ದು, ಡಿಲೀಟ್ ಕೀ ಅಲ್ಲ, ರೈಟ್ ಕ್ಲಿಕ್ ಮಾಡಿ ಸಾಲುಗಳನ್ನೇ ಡಿಲೀಟ್ ಮಾಡಿ ಸೇವ್ ಮಾಡಿ. ಚಿತ್ರಗಳಿದ್ದರೆ ಅದನ್ನೂ ನೋಡಿ. ಫೋನಿನಲ್ಲಿ ತೆಗೆದ ಬಿಲ್ಲಿನ ಫೋಟೋಗಳನ್ನು ಶೀಟಿನಲ್ಲೇ ಅಂಟಿಸುವವರಿದ್ದಾರೆ.

ಮ್ಯಾಕ್ರೋ ಇರುವ ಫೈಲ್ ಸೇವ್ ಮಾಡುವಾಗ ‘ಎರರ್ಸ್ ವರ್ ಡಿಟೆಕ್ಟೆಡ್’ ಎನ್ನುತ್ತದೆ.

ಹೆಚ್ಚಾಗಿ ಮ್ಯಾಕ್ರೋ ಭಾಗವೇ ಕೆಟ್ಟಿರುತ್ತದೆ. ಆಲ್ಟ್ ಮತ್ತು ಎಫ್11 ಒತ್ತಿ, ಮಾಡ್ಯೂಲುಗಳನ್ನು (ಮ್ಯಾಕ್ರೋ ಬರೆದಿಟ್ಟ ಭಾಗಗಳನ್ನು) ಒಂದೊಂದಾಗಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಫೈಲನ್ನು ಮ್ಯಾಕ್ರೋ ಇಲ್ಲದ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಹೊಸ ಹೆಸರಿನಲ್ಲಿ ಸೇವ್ ಮಾಡಿ, ಮುಚ್ಚಿ ತೆರೆದು, ಮಾಡ್ಯೂಲುಗಳನ್ನು ವಾಪಸ್ ಸೇರಿಸಿ ಎಕ್ಸ್‌ಎಲ್‌ಎಸ್‌ಎಂ ಮಾಡಿ.

ಯಾವ ಫೈಲೂ ಸೇವ್ ಆಗದಿದ್ದರೆ ತಪ್ಪು ಫೈಲಿನದ್ದಲ್ಲ. ಕಂಟ್ರೋಲ್ ಕೀ ಹಿಡಿದುಕೊಂಡೇ ಎಕ್ಸೆಲ್ ಐಕಾನ್ ಒತ್ತಿ, ಸೇಫ್ ಮೋಡ್‌ನಲ್ಲಿ ತೆರೆಯುತ್ತದೆ. ಅಲ್ಲಿ ಸೇವ್ ಆದರೆ ಯಾವುದೋ ಆ್ಯಡ್-ಇನ್ (ಎಕ್ಸೆಲ್‌ಗೆ ಮೇಲಿಂದ ಸೇರಿಸಿದ ಪ್ರೋಗ್ರಾಂ) ಕಿತಾಪತಿ.

ಕನ್ನಡ ಹೆಸರೆಲ್ಲ ಪ್ರಶ್ನೆ ಚಿಹ್ನೆ ಆಗಿದೆ. ಫೈಲ್ ಕೆಟ್ಟಿದೆಯಾ?

ಫೈಲ್ ಕೆಟ್ಟಿಲ್ಲ. ಸಿಎಸ್‌ವಿ (ಬಣ್ಣ, ಗೆರೆ ಇಲ್ಲದೆ ಕಾಮಾ ಹಾಕಿ ಬರೀ ಅಕ್ಷರ, ಅಂಕಿ ಉಳಿಸುವ ಫೈಲ್) ಆಗಿ ಸೇವ್ ಮಾಡುವಾಗ ತಪ್ಪು ಬಗೆಯನ್ನು ಆರಿಸಿದ್ದೀರಿ. ಮಾಮೂಲಿ ಸಿಎಸ್‌ವಿಗೆ ಕನ್ನಡ ಹಿಡಿಸುವುದಿಲ್ಲ, ಪ್ರತಿ ಅಕ್ಷರಕ್ಕೂ ಪ್ರಶ್ನೆ ಚಿಹ್ನೆ ಹಾಕಿಬಿಡುತ್ತದೆ. ಹಾಗೆ ಆದ ಮೇಲೆ ಅದರಿಂದ ಕನ್ನಡ ವಾಪಸ್ ಬರುವುದಿಲ್ಲ, ಮೂಲ ಎಕ್ಸೆಲ್ ಫೈಲೇ ಬೇಕು. ಪಟ್ಟಿಯಲ್ಲಿ ‘ಸಿಎಸ್‌ವಿ ಯುಟಿಎಫ್-8’ ಎಂದು ಬೇರೆ ಇದೆ, ಅದನ್ನೇ ಆರಿಸಿ.

ಪ್ರಶ್ನೆ ಚಿಹ್ನೆಯ ಬದಲು ಟೊಪ್ಪಿ, ಬಾಲ ಇರುವ ವಿದೇಶಿ ಅಕ್ಷರಗಳು ಬಂದರೆ ಒಳ್ಳೆಯ ಸುದ್ದಿ. ಕನ್ನಡ ಒಳಗೆ ಸರಿಯಾಗಿದೆ, ಎಕ್ಸೆಲ್ ತಪ್ಪಾಗಿ ಓದುತ್ತಿದೆ. ಸೇವ್ ಮಾಡದೆ ಮುಚ್ಚಿ. ಖಾಲಿ ಶೀಟಿನಲ್ಲಿ ‘ಡೇಟಾ’, ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’ ಹೋಗಿ, ‘ಫೈಲ್ ಒರಿಜಿನ್’ನಲ್ಲಿ 65001 ಎಂದಿರುವ ಯುಟಿಎಫ್-8 ಆರಿಸಿ.

ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿನ ಕಥೆ ಮೂರನೆಯದು. ಅಲ್ಲಿ ಒಳಗಿರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ. ಫಾಂಟು ಅವಕ್ಕೆ ಕನ್ನಡದ ಅಂಗಿ ತೊಡಿಸಿರುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಫಾಂಟು ಇಲ್ಲದಿದ್ದರೆ ಅಂಗಿ ಕಳಚುತ್ತದೆ. ಫಾಂಟು ಹಾಕಿದರೆ ಸರಿ. ಕೊನೆಗೊಂದು ದಿನ ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಸಂಕೇತಕ್ಕೆ, ಬದಲಿಸಿಕೊಳ್ಳಲೇಬೇಕು.

ಆಧಾರ್ ಸಂಖ್ಯೆಯ ಜಾಗದಲ್ಲಿ ‘ಇ+11’ ಎಂದು ಬರುತ್ತಿದೆ.

ಆಧಾರ್ 12 ಅಂಕಿ. 11 ದಾಟಿದರೆ ಎಕ್ಸೆಲ್ ಹೀಗೆ ಚುಟುಕಾಗಿ ತೋರಿಸುತ್ತದೆ, ಒಳಗೆ ಅಂಕಿ ಸರಿಯಾಗಿಯೇ ಇದೆ. ಕಾಲಂ ಫಾರ್ಮ್ಯಾಟನ್ನು ‘ನಂಬರ್’ ಮಾಡಿ, ದಶಾಂಶ ಸೊನ್ನೆ ಇಡಿ. ಆದರೆ 15 ಅಂಕಿ ದಾಟಿದ ಖಾತೆ ಸಂಖ್ಯೆ, ಕಾರ್ಡ್ ಸಂಖ್ಯೆ ನಿಜಕ್ಕೂ ಕೆಡುತ್ತದೆ. ಹದಿನಾರನೆಯದರಿಂದ ಎಲ್ಲ ಸೊನ್ನೆ ಆಗಿಹೋಗುತ್ತದೆ. ಟೈಪ್ ಮಾಡುವ ಮೊದಲೇ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿಕೊಳ್ಳಿ.

ವಾಟ್ಸಾಪ್‌ನಲ್ಲಿ ಬಂದ ಫೈಲನ್ನು ಅಲ್ಲೇ ತೆರೆದು ಎರಡು ಗಂಟೆ ತುಂಬಿದೆ. ಈಗ ಕಾಣ್ತಿಲ್ಲ.

ನೀವು ತುಂಬಿದ್ದು ಎಲ್ಲೋ ಮೂಲೆಯ ತಾತ್ಕಾಲಿಕ ಫೋಲ್ಡರಿನ ಕಾಪಿಗೆ. ಕಂಪ್ಯೂಟರಾದರೆ ಎಕ್ಸೆಲ್ ತೆರೆದು ‘ರೀಸೆಂಟ್’ ಪಟ್ಟಿ ನೋಡಿ, ಅಲ್ಲಿಂದ ತೆರೆದರೆ ಸಿಗಬಹುದು. ಮೇಲ್‌ನೊಳಗಿಂದ, ಜಿಪ್‌ನೊಳಗಿಂದ ನೇರವಾಗಿ ತೆರೆದರೂ ಇದೇ ಪಾಡು. ಮೊದಲು ಡೌನ್‌ಲೋಡ್ ಮಾಡಿ, ನಿಮ್ಮ ಫೋಲ್ಡರಿಗೆ ತಂದು, ಆಮೇಲೆ ಕೈ ಹಾಕಿ.

ಹಳೇ ಕಾಪಿ ಎಲ್ಲಾದರೂ ಸಿಗುತ್ತದೆಯೇ?

‘ಫೈಲ್’, ‘ಇನ್ಫೋ’, ‘ಮ್ಯಾನೇಜ್ ವರ್ಕ್‌ಬುಕ್’ ಎಂದು ಹೋಗಿ ‘ರಿಕವರ್ ಅನ್‌ಸೇವ್ಡ್ ವರ್ಕ್‌ಬುಕ್ಸ್’ ನೋಡಿ. ಎಕ್ಸೆಲ್ ತಾನಾಗಿ 10 ನಿಮಿಷಕ್ಕೊಮ್ಮೆ ಎತ್ತಿಡುತ್ತದೆ. ‘ಆಪ್ಷನ್ಸ್’ನ ‘ಸೇವ್’ನಲ್ಲಿ ಅದನ್ನು 3 ನಿಮಿಷ ಮಾಡಿಕೊಳ್ಳಬಹುದು, ನಾನು ಮಾಡಿಕೊಂಡಿದ್ದೇನೆ. ಒನ್‌ಡ್ರೈವಿನಲ್ಲಿದ್ದರೆ ‘ವರ್ಷನ್ ಹಿಸ್ಟರಿ’ ಇದೆ. ಗೂಗಲ್ ಡ್ರೈವಿಗೆ ಹಾಕಿದ ಎಕ್ಸೆಲ್ ಫೈಲಿನ ಹಳೇ ರೂಪಗಳು ಸಾಮಾನ್ಯವಾಗಿ 30 ದಿನ ಸಿಗುತ್ತವೆ.

ಯಾರಿಗೂ ಗೊತ್ತಿಲ್ಲದ ಒಂದು ಸೌಲಭ್ಯ ಎಕ್ಸೆಲ್‌ನಲ್ಲೇ ಇದೆ. ಎಫ್12 ಒತ್ತಿ, ಸೇವ್ ಬಟನ್ ಪಕ್ಕದ ‘ಟೂಲ್ಸ್’ನಲ್ಲಿ ‘ಜನರಲ್ ಆಪ್ಷನ್ಸ್’ ತೆಗೆದು ‘ಆಲ್ವೇಸ್ ಕ್ರಿಯೇಟ್ ಬ್ಯಾಕಪ್’ಗೆ ಟಿಕ್ ಹಾಕಿ. ಅಲ್ಲಿಂದ ಪ್ರತಿ ಸಲ ಸೇವ್ ಮಾಡಿದಾಗಲೂ ಹಿಂದಿನ ಫೈಲ್ ಎಕ್ಸ್‌ಎಲ್‌ಕೆ ಎಂಬ ಬಾಲದೊಂದಿಗೆ ಪಕ್ಕದಲ್ಲೇ ಉಳಿಯುತ್ತದೆ. ಒಂದು ಹೆಜ್ಜೆ ಹಿಂದಿನದು ಸದಾ ಕೈಗೆ ಸಿಗುತ್ತದೆ. ಕಾಸಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ.

ಪೆನ್‌ಡ್ರೈವಿನಲ್ಲೇ ಇಟ್ಟುಕೊಂಡು ಕೆಲಸ ಮಾಡಿದರೆ ಏನು ತಪ್ಪು?

ಪೆನ್‌ಡ್ರೈವ್ ಬಸ್ಸು. ಹೋಗಿ ಬರಲು ಸರಿ, ವಾಸಕ್ಕಲ್ಲ. ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು ಕೆಲಸ ಮಾಡಿ, ಮುಗಿದ ಮೇಲೆ ವಾಪಸ್ ಹಾಕಿ, ‘ಇಜೆಕ್ಟ್’ ಕೊಟ್ಟು ತೆಗೆಯಿರಿ.

ಪಾಸ್‌ವರ್ಡ್ ಹಾಕಿದ ಫೈಲ್ ಕೆಟ್ಟರೆ?

ಕಷ್ಟ. ತೆರೆಯಲು ಪಾಸ್‌ವರ್ಡ್ ಕೇಳುವ ಫೈಲ್ ಮೇಲ್ನೋಟಕ್ಕೆ ಜಿಪ್ ಆಗಿರುವುದಿಲ್ಲ, ಪಿ ಕೆ ಪರೀಕ್ಷೆಯೂ ಹೊಟ್ಟೆ ಬಿಚ್ಚುವ ಉಪಾಯವೂ ನಡೆಯದು. ಪಾಸ್‌ವರ್ಡ್ ನಿಮಗೆ ಗೊತ್ತಿದ್ದರೂ ಅಷ್ಟೇ. ಇಂಥ ಫೈಲಿಗೆ ಆ ಎಕ್ಸ್‌ಎಲ್‌ಕೆ ಟಿಕ್ ಇವತ್ತೇ ಹಾಕಿ.